ಎರೆ, ಮಸಾರಿ, ಹುಲ್ಲುಗಾವಲು: ಅವಗೆಂಪು ಬೆಳಕಿನಲ್ಲಿ ಮಣ್ಣು ಅಳೆಯುವ ಕ್ರಮ

ಎರೆ ಮಣ್ಣು ಕಪ್ಪಗಿದೆ ಎಂದ ಮಾತ್ರಕ್ಕೆ ಅದರಲ್ಲಿ ಸಾವಯವ ಇಂಗಾಲ ಹೆಚ್ಚಿದೆ ಎಂದು ಅರ್ಥವಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಕಡುಗಪ್ಪು ಹೊಲಗಳಲ್ಲೂ ಇಂಗಾಲ ಶೇ 0.5ಕ್ಕಿಂತ ಕೆಳಗೆ ಬರುವುದು ಸಾಮಾನ್ಯ. ಇಲ್ಲಿ ಕಣ್ಣು ಮೋಸ ಹೋಗುತ್ತದೆ. ಮಣ್ಣಿಗೆ ಬೆಳಕು ಬಿಟ್ಟು ಅದರ ಗುಣ ಅಂದಾಜಿಸುವ ಅವಗೆಂಪು, ಅಂದರೆ ಇನ್‌ಫ್ರಾರೆಡ್, ಯಂತ್ರ ಬೇರೆ ಸೀಮೆಯ ಮಣ್ಣಿನಲ್ಲಿ ಪಾಠ ಕಲಿತಿದ್ದರೆ ಅದೂ ಹಾಗೆಯೇ ಮೋಸ ಹೋಗುತ್ತದೆ. ಯಂತ್ರ ಕೊಂಡು ತಂದು, ಅದರ ಜೊತೆ ಬಂದ ರೆಡಿಮೇಡ್ ಮಾಡೆಲ್ (ಬೆಳಕಿನ ಓದನ್ನು ಅಂಕಿಗೆ ತಿರುಗಿಸುವ ಲೆಕ್ಕ) ಹಾಕಿ, ರಾಯಚೂರಿನ ಹೊಲಕ್ಕೆ ಅಂಕಿ ಬರೆದುಕೊಡುವುದು ರೈತನಿಗೆ ಮಾಡುವ ಅನ್ಯಾಯ. ನಮ್ಮ ಮಣ್ಣನ್ನು ನಾವೇ ಯಂತ್ರಕ್ಕೆ ಕಲಿಸಬೇಕು. ಈ ಬರಹದ ಬಹುಪಾಲು ಆ ಕಲಿಸುವ ಕೆಲಸದ ಬಗ್ಗೆಯೇ ಇದೆ.

ಬೆಳಕು ಏನನ್ನು ಹಿಡಿಯುತ್ತದೆ

ಮಣ್ಣಿನ ಮೇಲೆ ಬೆಳಕು ಬಿಟ್ಟರೆ ಸ್ವಲ್ಪ ಹೀರಿಕೊಂಡು ಉಳಿದದ್ದನ್ನು ತಿರುಗಿಸಿ ಕಳಿಸುತ್ತದೆ. ತಿರುಗಿ ಬಂದ ಬೆಳಕನ್ನು ತರಂಗದ ಉದ್ದಕ್ಕೆ ತಕ್ಕಂತೆ ಬಿಡಿಸಿಟ್ಟ ಗೆರೆಯೇ ರೋಹಿತ. ಹೆಚ್ಚಿನ ಕೆಲಸ ನಡೆಯುವುದು 350ರಿಂದ 2500 ನ್ಯಾನೋಮೀಟರ್ ನಡುವೆ. ಇದರಲ್ಲಿ ಕಣ್ಣಿಗೆ ಕಾಣುವ ಬೆಳಕೂ ಇದೆ, ಸಮೀಪ ಅವಗೆಂಪೂ ಇದೆ. 2500ರಿಂದ ಆಚೆಗಿನದು ಮಧ್ಯ ಅವಗೆಂಪು. ಅದರ ಯಂತ್ರ ಬೇರೆ, ಮಣ್ಣು ತಯಾರು ಮಾಡುವ ಕ್ರಮವೂ ಬೇರೆ.

ಬೆಳಕು ಹೀರಿಹೋದ ಕಡೆ ಗೆರೆಯಲ್ಲಿ ತಗ್ಗು ಬೀಳುತ್ತದೆ. ನಮ್ಮ ಭಾಗದವರು ಗುರುತಿಟ್ಟುಕೊಳ್ಳಬೇಕಾದ ತಗ್ಗುಗಳು ಕೆಲವೇ. 1400 ಮತ್ತು 1900ರ ಸುತ್ತ ನೀರು. 2200ರಲ್ಲಿ ಜೇಡಿ: ಎರೆಯ ಸ್ಮೆಕ್ಟೈಟ್ ಜೇಡಿ ಒಂದೇ ಚೂಪು ತಗ್ಗು ಕೊಡುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಕೆಯೋಲಿನೈಟ್ ಜೇಡಿ ಹೆಚ್ಚಿದ್ದರೆ ಅದೇ ಜಾಗದಲ್ಲಿ 2165 ಮತ್ತು 2208 ಎಂದು ಜೋಡಿ ತಗ್ಗು ಕಾಣುತ್ತದೆ. 2340ರ ಹತ್ತಿರ ಸುಣ್ಣ. ಕೆಂಪು ಮಣ್ಣಿನ ಹೆಮಟೈಟ್ ಎಂಬ ಕಬ್ಬಿಣದ ಖನಿಜ 850–880ರ ಸುತ್ತ ಅಗಲವಾದ ಕುಳಿ ತೋಡುತ್ತದೆ. ಜಿಪ್ಸಂ ಹಾಕಿದ ಹೊಲದ ಮಣ್ಣಿನಲ್ಲಿ 1450ರಿಂದ 1540ರ ನಡುವೆ ಮೂರು ಮೆಟ್ಟಿಲಿನಂಥ ಗುರುತು ಬರಬಹುದು. ಸಾವಯವ ಇಂಗಾಲಕ್ಕೆ ಹೀಗೆ ಒಂದೇ ಜಾಗವಿಲ್ಲ. ಅದು ಇಡೀ ಗೆರೆಯಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ. ಅದಕ್ಕೇ ಲೆಕ್ಕಾಚಾರದ ಮಾಡೆಲ್ ಬೇಕಾಗುವುದು.

ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಕೊಳ್ಳುವವರು ಮೊದಲು ಅದರ ವ್ಯಾಪ್ತಿ ನೋಡಬೇಕು. 900ರಿಂದ 1700ರವರೆಗೆ ಮಾತ್ರ ನೋಡುವ ಯಂತ್ರಕ್ಕೆ 2200ರ ಜೇಡಿಯೂ 2340ರ ಸುಣ್ಣವೂ ಕಾಣುವುದಿಲ್ಲ. ಸುಣ್ಣದ ಹರಳು ತುಂಬಿದ ನಮ್ಮ ಎರೆ ಭೂಮಿಗೆ 2500ರವರೆಗೆ ನೋಡುವ ಯಂತ್ರವೇ ತಕ್ಕದ್ದು. ಇಲ್ಲಿ ಹಣ ಉಳಿಸಲು ಹೋಗಬೇಡಿ.

ಯಾವುದಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು

ಸಾವಯವ ಇಂಗಾಲ, ಒಟ್ಟು ಸಾರಜನಕ, ಜೇಡಿಯ ಪ್ರಮಾಣ, ಸುಣ್ಣ, ಧನ ಅಯಾನು ವಿನಿಮಯ ಶಕ್ತಿ (ಮಣ್ಣು ಪೋಷಕಾಂಶ ಹಿಡಿದಿಡುವ ಶಕ್ತಿ) – ಇವು ಒಳ್ಳೆಯ ಸ್ಥಳೀಯ ಮಾಡೆಲ್ ಇದ್ದರೆ ಚೆನ್ನಾಗಿ ಬರುತ್ತವೆ. ಪಿಎಚ್ ಮಧ್ಯಮ. ಲಭ್ಯ ರಂಜಕ, ಪೊಟ್ಯಾಷ್, ಗಂಧಕ, ಸತು ಮುಂತಾದವನ್ನು ಈ ಬೆಳಕಿನಿಂದ ಓದಿ ಗೊಬ್ಬರ ಶಿಫಾರಸು ಮಾಡಬಾರದು. ಅವು ಮಣ್ಣಿನಲ್ಲಿ ಅತಿ ಸಣ್ಣ ಪ್ರಮಾಣದಲ್ಲಿರುತ್ತವೆ, ತಮ್ಮದೇ ಗುರುತು ಬಿಡುವುದಿಲ್ಲ. ಒಂದು ವೇಳೆ ಮಾಡೆಲ್ ಅಂಕಿ ಕೊಟ್ಟರೂ ಅದು ಇಂಗಾಲ ಅಥವಾ ಜೇಡಿಯ ಬೆನ್ನು ಹಿಡಿದು ಬಂದ ಅಂಕಿ. ಮುಂದಿನ ವರ್ಷ ಆ ಹೊಲಕ್ಕೆ ಡಿಎಪಿ ಗೊಬ್ಬರ ಬಿದ್ದರೆ ಆ ನಂಟು ಕಡಿದುಹೋಗುತ್ತದೆ.

ತುಂಗಭದ್ರಾ ಅಚ್ಚುಕಟ್ಟಿನವರಿಗೆ ಇದಕ್ಕಿಂತ ಮುಖ್ಯವಾದ ಮಾತು ಸವಳಿನದು, ಅಂದರೆ ಉಪ್ಪೇರಿದ ಮಣ್ಣಿನದು. ಅಡುಗೆ ಉಪ್ಪಿನಂಥ ಸೋಡಿಯಂ ಕ್ಲೋರೈಡ್‌ಗೆ ಸಮೀಪ ಅವಗೆಂಪಿನಲ್ಲಿ ಸ್ವಂತ ಗುರುತೇ ಇಲ್ಲ. ಹಾಗಾಗಿ ಸವಳು–ಜವಳು ಗದ್ದೆಯ ಲವಣಾಂಶವನ್ನು ರೋಹಿತದಿಂದ ಓದಲು ಹೋಗಬೇಡಿ. ಇಸಿ (ವಿದ್ಯುತ್ ವಾಹಕತೆ) ಮೀಟರ್ ಬಳಸಿ: 20 ಗ್ರಾಂ ಮಣ್ಣಿಗೆ 50 ಮಿಲಿ ಬಟ್ಟಿ ಇಳಿಸಿದ ನೀರು, ಅರ್ಧ ಗಂಟೆ ಆಗಾಗ ಕಲಕಿ, ಕದಡಿದ ನೀರಿನಲ್ಲಿ ಪಿಎಚ್ ನೋಡಿ, ತಿಳಿಯಾಗಲು ಬಿಟ್ಟು ಮೇಲಿನ ನೀರಿನಲ್ಲಿ ಇಸಿ ನೋಡಿ. ಕೆಲಸ ಸುಲಭ, ಖರ್ಚು ಕಡಿಮೆ, ಫಲಿತಾಂಶ ನೇರ. ಇಸಿ ಹೆಚ್ಚಿಲ್ಲ, ಆದರೆ ಪಿಎಚ್ 8.5 ದಾಟಿದೆ ಎಂದರೆ ಅದು ಕ್ಷಾರದ ಗುಮಾನಿ. ಆ ಮಣ್ಣಿನ ವಿನಿಮಯ ಸೋಡಿಯಂ (ಜೇಡಿಗೆ ಅಂಟಿಕೊಂಡ ಸೋಡಿಯಂ) ಅನ್ನು ಲ್ಯಾಬ್‌ನಲ್ಲಿ ನೋಡಿಸದೆ ಜಿಪ್ಸಂ ಲೆಕ್ಕ ಹಾಕಬಾರದು.

ಮಣ್ಣು ತೆಗೆಯುವುದು

ಬೇಸಿಗೆ ಭತ್ತ ಕೊಯ್ದ ಮೇಲೆ, ಇಲ್ಲವೇ ಹಿಂಗಾರಿ ಕಡ್ಲಿ, ಜೋಳ ಎತ್ತಿದ ಮೇಲೆ, ಗೊಬ್ಬರ ಬೀಳುವ ಮೊದಲು ತೆಗೆಯಿರಿ. ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿಗೆ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತಕ್ಕೆ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕವಿದೆ. ಸ್ಕ್ಯಾನ್ ಮಾಡುವ ಖರ್ಚು ಕಡಿಮೆ ಇರುವುದರಿಂದ ಇಲ್ಲಿ ಎಕರೆಗೆ ಒಂದು ತೆಗೆಯಬಹುದು. ಈ ವಿಧಾನದ ನಿಜವಾದ ಲಾಭ ಇದೇ.

ಒಂದು ಮಾದರಿಗೆ ಹತ್ತು–ಹನ್ನೆರಡು ಕಡೆ ಸಲಿಕೆಯಿಂದ ‘ವಿ’ ಆಕಾರದ ಗುಣಿ ತೋಡಿ, 15 ಸೆಂ.ಮೀ. ಆಳದವರೆಗೆ ಗೋಡೆಯಿಂದ ಎರಡು ಬೆರಳು ದಪ್ಪದ ಪದರ ಕೆತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ. ಬದು, ತಿಪ್ಪೆ ಇದ್ದ ಜಾಗ, ಕಾಲುವೆಯ ಪಕ್ಕ, ಮರದ ನೆರಳು ಬಿಡಿ. ಎರೆಯಲ್ಲಿ ಬೇಸಿಗೆಗೆ ಬಾಯಿಬಿಟ್ಟ ಬಿರುಕಿನ ಮೇಲೆ ಗುಣಿ ತೋಡಬೇಡಿ. ಮೇಲಿನ ಮಣ್ಣು, ಕಸ, ಕೂಳೆ ಎಲ್ಲಾ ಬಿರುಕಿನೊಳಗೆ ಉದುರಿ ಆಳದ ಇಂಗಾಲವನ್ನು ಸುಳ್ಳೇ ಹೆಚ್ಚಿಸಿ ತೋರಿಸುತ್ತದೆ. ಹುಲ್ಲು ಸುಟ್ಟ ಭತ್ತದ ಗದ್ದೆಯಲ್ಲಿ ಬೂದಿ–ಕರಿ ಪದರವನ್ನು ಪಕ್ಕಕ್ಕೆ ಸರಿಸಿಯೇ ತೆಗೆಯಿರಿ. ಇದ್ದಿಲು ಎಲ್ಲ ತರಂಗದ ಬೆಳಕನ್ನೂ ನುಂಗುತ್ತದೆ. ಲ್ಯಾಬಿನಲ್ಲಿ ಇಂಗಾಲ ಅಳೆಯುವ ಡೈಕ್ರೋಮೇಟ್ ವಿಧಾನವಾದರೋ ಅದನ್ನು ಅರ್ಧಂಬರ್ಧ ಮಾತ್ರ ಎಣಿಸುತ್ತದೆ. ಹೀಗಾಗಿ ಎರಡರ ಲೆಕ್ಕ ಕೂಡುವುದಿಲ್ಲ.

ಸಂಡೂರು, ತೋರಣಗಲ್ಲು ಸುತ್ತ ಅದಿರಿನ ಲಾರಿ ಓಡುವ ರಸ್ತೆಯಂಚಿನ ಹೊಲವಿದ್ದರೆ ರಸ್ತೆಯಿಂದ ಒಳಗೆ ದೂರ ಹೋಗಿ. ಮೇಲೆ ಕೂತ ಕೆಂದೂಳು ಕಬ್ಬಿಣದ ಗುರುತನ್ನು ದೊಡ್ಡದು ಮಾಡುತ್ತದೆ, ಮಣ್ಣಿನ ನಿಜ ಗುಣ ಅದರ ಹಿಂದೆ ಅಡಗುತ್ತದೆ.

ಬುಟ್ಟಿಯ ಮಣ್ಣನ್ನು ಹಾಳೆಯ ಮೇಲೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ, ಉಳಿದದ್ದನ್ನು ಕಲಸಿ ಮತ್ತೆ ಹಾಗೇ ಮಾಡುತ್ತಾ ಅರ್ಧ ಕೆಜಿಗೆ ತನ್ನಿ. ಗೊಬ್ಬರದ ಹಳೇ ಚೀಲ ಬೇಡ. ಜಿಪಿಎಸ್ ಅಂಕಿ, ಸರ್ವೆ ನಂಬರ್, ಆಳ, ಹಿಂದಿನ ಬೆಳೆ, ತೆಗೆದ ದಿನ – ಇಷ್ಟನ್ನೂ ಚೀಟಿಯಲ್ಲಿ ಬರೆದು ಒಂದು ಒಳಗೆ, ಒಂದು ಹೊರಗೆ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಹಸಿ ಮಣ್ಣಿಗೆ ಶಾಯಿ ಅಳಿಸಿಹೋಗುತ್ತದೆ.

ಒಣಗಿಸುವುದು, ಕುಟ್ಟುವುದು

ಹೆಚ್ಚು ತಪ್ಪು ನಡೆಯುವುದು ಸ್ಕ್ಯಾನ್ ಟೇಬಲ್ಲಿನ ಮೇಲಲ್ಲ, ಇಲ್ಲಿ. ಎರೆ ಹೆಂಟೆ ಪೂರ್ತಿ ಒಣಗಿದರೆ ಕಲ್ಲಾಗುತ್ತದೆ. ಅರೆ ಒಣಗಿದಾಗಲೇ ಕೈಯಲ್ಲಿ ಮುರಿದು ಕಡಲೆ ಗಾತ್ರಕ್ಕೆ ತಂದು, ಆಮೇಲೆ ನೆರಳಿನಲ್ಲಿ ಒಣಗಿಸಿ. ಮರದ ಕೊಡತಿಯಿಂದ ಮೆತ್ತಗೆ ಕುಟ್ಟಿ 2 ಮಿ.ಮೀ. ಜರಡಿ ಹಿಡಿಯಿರಿ. ಜೋರಾಗಿ ಕುಟ್ಟಿದರೆ ಸುಣ್ಣದ ಹರಳು ಪುಡಿಯಾಗಿ ಮಣ್ಣಿನೊಳಗೆ ಸೇರುತ್ತದೆ, 2340ರ ತಗ್ಗು ಇಲ್ಲದ ಆಳಕ್ಕೆ ಇಳಿಯುತ್ತದೆ. ಜರಡಿಯ ಮೇಲೆ ಉಳಿದ ಹರಳು, ಗರಸನ್ನು ತೂಗಿ ಶೇಕಡಾ ಬರೆದಿಡಿ. ಕೊನೆಯ ಲೆಕ್ಕಕ್ಕೆ ಬೇಕು.

ಸ್ಕ್ಯಾನ್‌ಗೆ ಮುಂಚಿನ ದಿನ 40 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 24 ಗಂಟೆ ಇಟ್ಟು, ಡೆಸಿಕೇಟರ್‌ನಲ್ಲಿ (ತೇವ ಒಳಬಾರದ ಮುಚ್ಚಿದ ಪಾತ್ರೆಯಲ್ಲಿ) ಆರಿಸಿ. ಎರೆಯ ಜೇಡಿ ಗಾಳಿಯ ತೇವವನ್ನೇ ಹೀರುತ್ತದೆ. ಜುಲೈನಲ್ಲಿ ಮತ್ತು ಏಪ್ರಿಲ್‌ನಲ್ಲಿ ಅದೇ ಮಣ್ಣಿನ 1900ರ ತಗ್ಗು ಒಂದೇ ಥರ ಇರುವುದಿಲ್ಲ. ಬೇಗ ಆಗಲಿ ಎಂದು 105 ಡಿಗ್ರಿಗೆ ಏರಿಸಬೇಡಿ. ಜಿಪ್ಸಂನೊಳಗಿನ ನೀರು ಬಿಟ್ಟುಹೋಗಿ ಗುರುತೇ ಬದಲಾಗುತ್ತದೆ.

ಸ್ಕ್ಯಾನ್

ಯಂತ್ರ ಮತ್ತು ದೀಪವನ್ನು ಕನಿಷ್ಠ 30 ನಿಮಿಷ, ಸಾಧ್ಯವಾದರೆ ಒಂದು ಗಂಟೆ ಮೊದಲೇ ಹಚ್ಚಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಕೋಣೆ 24–26 ಡಿಗ್ರಿಯಲ್ಲಿ ನಿಲ್ಲದಿದ್ದರೆ ಬೆಳಕು ಹಿಡಿಯುವ ಡಿಟೆಕ್ಟರ್‌ನ ಓದು ಏರುಪೇರಾಗುತ್ತದೆ. ಕರೆಂಟು ಏರಿಳಿದರೆ ಹ್ಯಾಲೊಜೆನ್ ದೀಪದ ಬೆಳಕೂ ಏರಿಳಿಯುತ್ತದೆ, ಆದ್ದರಿಂದ ಯುಪಿಎಸ್ ಕಡ್ಡಾಯ.

ಮಣ್ಣನ್ನು ಪೆಟ್ರಿ ತಟ್ಟೆಯಲ್ಲಿ 15 ಮಿ.ಮೀ. ದಪ್ಪಕ್ಕೆ ತುಂಬಿ, ಚಪ್ಪಟೆ ಅಲಗಿನಿಂದ ಒತ್ತದೆ ಎಳೆದು ಸಮ ಮಾಡಿ. ತೆಳ್ಳಗಿದ್ದರೆ ಬೆಳಕು ತಟ್ಟೆಯ ತಳ ಮುಟ್ಟಿ ಬರುತ್ತದೆ. ಮೊದಲು ಬಿಳಿ ಬಿಲ್ಲೆ, ಅಂದರೆ ಸ್ಪೆಕ್ಟ್ರಲಾನ್, ಓದಿಸಿ. ಆಮೇಲೆ ಪ್ರತಿ 15 ಮಾದರಿಗೊಮ್ಮೆ ಅಥವಾ ಹತ್ತು ನಿಮಿಷಕ್ಕೊಮ್ಮೆ ಮತ್ತೆ ಓದಿಸಿ. ಒಂದೊಂದು ಮಾದರಿಯನ್ನೂ 90 ಡಿಗ್ರಿ ತಿರುಗಿಸುತ್ತಾ ನಾಲ್ಕು ಸಲ ಓದಿ ಸರಾಸರಿ ತೆಗೆಯಿರಿ. ನಾಲ್ಕರಲ್ಲಿ ಒಂದು ಗೆರೆ ಹೊರಗೆ ಹೋದರೆ ಅಲ್ಲಿ ಬೇರಿನ ಚೂರೋ ಹರಳೋ ಇದೆ ಎಂದು ತಿಳಿದು ಮತ್ತೆ ತುಂಬಿ. ಗಾಜಿನ ತಳದ ಮೂಲಕ ಕೆಳಗಿನಿಂದ ಓದುವ ಯಂತ್ರವಾದರೆ ಬಿಳಿ ಬಿಲ್ಲೆಯನ್ನೂ ಅದೇ ಗಾಜಿನ ಮೇಲಿಟ್ಟು ಓದಿಸಬೇಕು.

ಬಿಳಿ ಬಿಲ್ಲೆಗೆ ಮಸಾರಿ ದೂಳು ಮೆತ್ತಿದರೆ ಆ ದಿನದ ಎಲ್ಲ ಮಣ್ಣೂ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ. ಹರಿಯುವ ಶುದ್ಧ ನೀರಿನಡಿ 220–240 ನಂಬರಿನ ನೀರು ತಾಳುವ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಿ, ಪೂರ್ತಿ ಒಣಗಿಸಿ.

ಇನ್ನೊಂದು ರೂಢಿ ಕಡ್ಡಾಯ. ಒಂದೇ ಹೊಲದ ಮಣ್ಣನ್ನು ಐದು ಕೆಜಿ ಹದ ಮಾಡಿ ಡಬ್ಬಿಯಲ್ಲಿಟ್ಟು, ಪ್ರತಿದಿನ ಕೆಲಸದ ಆದಿಯಲ್ಲಿ, ಕೊನೆಯಲ್ಲಿ ಅದನ್ನೂ ಸ್ಕ್ಯಾನ್ ಮಾಡಿ. ಅದರ ಗೆರೆ ಸರಿದರೆ ಯಂತ್ರ ಸರಿದಿದೆ ಎಂದರ್ಥ, ಆ ದಿನದ ಕೆಲಸ ಮತ್ತೆ ಮಾಡಬೇಕು. ಮೂರು ಡಿಟೆಕ್ಟರ್ ಇರುವ ಯಂತ್ರಗಳಲ್ಲಿ 1000 ಮತ್ತು 1800ರ ಹತ್ತಿರ ಗೆರೆ ಮೆಟ್ಟಿಲು ಹಾರಿದಂತೆ ಕಂಡರೆ ಅದು ಮಣ್ಣಿನ ಗುಣವಲ್ಲ, ಡಿಟೆಕ್ಟರ್ ಕೂಡುವ ಜಾಗದ ದೋಷ. ಸಾಮಾನ್ಯವಾಗಿ ಯಂತ್ರ ಸರಿಯಾಗಿ ಕಾದಿಲ್ಲ ಎಂಬುದರ ಸೂಚನೆ.

ಲ್ಯಾಬಿಗೆ ಯಾವುದನ್ನು ಕಳಿಸಬೇಕು

ನಾನೂರು ಮಾದರಿ ಸ್ಕ್ಯಾನ್ ಆಗಿವೆ ಅನ್ನಿ. ಎಲ್ಲವನ್ನೂ ಲ್ಯಾಬಿಗೆ ಕಳಿಸಬೇಕಿಲ್ಲ. ಮೊದಲು ಕಣ್ಣುಮುಚ್ಚಿ 40 ಆರಿಸಿ ಪಕ್ಕಕ್ಕಿಡಿ, ಇವು ಪರೀಕ್ಷೆಗೆ. ಉಳಿದವುಗಳಲ್ಲಿ ಕೆನಾರ್ಡ್–ಸ್ಟೋನ್ ವಿಧಾನದಿಂದ ರೋಹಿತ ಒಂದಕ್ಕೊಂದು ಹೆಚ್ಚು ಬೇರೆಯಾಗಿರುವ 120 ಆರಿಸಿ, ಇವು ಕಲಿಸುವುದಕ್ಕೆ. ಈ 160ಕ್ಕೆ ಮಾತ್ರ ಲ್ಯಾಬ್ ವಿಶ್ಲೇಷಣೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲೇ ವಿಚಾರಿಸಿ, ಎಲ್ಲವನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ. ಅರ್ಧ ಇಲ್ಲಿ ಅರ್ಧ ಅಲ್ಲಿ ಮಾಡಿಸಿದರೆ ಎರಡು ಲ್ಯಾಬಿನ ನಡುವಿನ ವ್ಯತ್ಯಾಸವೇ ಮಾಡೆಲ್‌ಗೆ ಪಾಠವಾಗುತ್ತದೆ.

ಲ್ಯಾಬಿನವರನ್ನು ಎರಡು ವಿಷಯ ಕೇಳಿ. ಒಂದು, ವಾಕ್ಲಿ–ಬ್ಲ್ಯಾಕ್ ಎಂಬ ಡೈಕ್ರೋಮೇಟ್ ವಿಧಾನದ ಅಂಕಿಗೆ 1.3ರ ಗುಣಕ ಹಾಕಿದ್ದಾರೋ ಇಲ್ಲವೋ. ಆ ವಿಧಾನ ಇಂಗಾಲದ ಸುಮಾರು ಶೇ 77 ಭಾಗವನ್ನಷ್ಟೇ ಸುಡುತ್ತದೆ ಎಂದು ಆ ಗುಣಕ ಬಂದಿದೆ. ಎರಡು, ಸವಳು ಮಣ್ಣಿಗೆ ಸಲ್ಫ್ಯೂರಿಕ್ ಆಮ್ಲದಲ್ಲಿ ಸಿಲ್ವರ್ ಸಲ್ಫೇಟ್ ಸೇರಿಸಿದ್ದಾರೋ ಎಂದು. ಸೇರಿಸದಿದ್ದರೆ ಕ್ಲೋರೈಡ್ ಕೂಡ ಡೈಕ್ರೋಮೇಟ್ ತಿಂದು, ಸವಳು ಗದ್ದೆಯಲ್ಲಿ ಇಲ್ಲದ ಇಂಗಾಲ ಕಾಣಿಸುತ್ತದೆ. ಹತ್ತರಲ್ಲಿ ಒಂದು ಮಾದರಿಯನ್ನು ಬೇರೆ ನಂಬರ್ ಹಾಕಿ ಎರಡನೇ ಸಲ ಕಳಿಸಿ. ಎರಡು ಉತ್ತರಗಳ ಅಂತರವೇ ಲ್ಯಾಬಿನ ತಪ್ಪಿನ ಅಳತೆ. ಯಂತ್ರ ಅದಕ್ಕಿಂತ ನಿಖರವಾಗಿ ಕಲಿಯಲಾರದು.

ಮಾಡೆಲ್

ಉಚಿತವಾಗಿ ಸಿಗುವ ‘ಆರ್’ ತಂತ್ರಾಂಶದಲ್ಲಿ ಪ್ರಾಸ್ಪೆಕ್ಟರ್ ಮತ್ತು ಪಿಎಲ್‌ಎಸ್ ಎಂಬ ಎರಡು ಪ್ಯಾಕೇಜ್ ಸಾಕು. ಪ್ರತಿಫಲನವನ್ನು ಹೀರಿಕೆಗೆ ಬದಲಿಸಿ, ಅಂದರೆ ಒಂದನ್ನು ಪ್ರತಿಫಲನದಿಂದ ಭಾಗಿಸಿ ಲಾಗ್ ತೆಗೆಯಿರಿ. ಗದ್ದಲ ಹೆಚ್ಚಿರುವ 350–400 ಮತ್ತು 2450ರ ಆಚೆ ಕತ್ತರಿಸಿ. ಗೆರೆಯನ್ನು ನುಣುಪು ಮಾಡುವ ಸವಿಟ್‌ಸ್ಕಿ–ಗೊಲೇ ವಿಧಾನದಲ್ಲಿ 11 ಬಿಂದುಗಳ ಕಿಟಕಿ, ಎರಡನೇ ಘಾತ, ಮೊದಲ ಡೆರಿವೇಟಿವ್‌ನಿಂದ ಆರಂಭಿಸಿ. ಅದಾದ ಮೇಲೆ ಪಿಎಲ್‌ಎಸ್ ರಿಗ್ರೆಷನ್: ಇಡೀ ಗೆರೆಯನ್ನು ಕೆಲವೇ ಘಟಕಗಳಿಗೆ ಇಳಿಸಿ ಲ್ಯಾಬ್ ಅಂಕಿಗೆ ಹೊಂದಿಸುವ ಲೆಕ್ಕ. ಎಷ್ಟು ಘಟಕ ಬೇಕು ಎಂಬುದಕ್ಕೆ ಕ್ರಾಸ್ ವ್ಯಾಲಿಡೇಷನ್‌ನ (ಕಲಿಕೆಯ ಮಾದರಿಗಳನ್ನೇ ಸರದಿಯಂತೆ ಹೊರಗಿಟ್ಟು ಪರೀಕ್ಷಿಸುವುದರ) ತಪ್ಪು ಇಳಿಯುವುದು ನಿಂತ ಜಾಗ ನೋಡಿ. 120 ಮಾದರಿಗೆ 15 ಘಟಕ ಬೇಕೆಂದು ಬಂದರೆ ಅದು ಕಲಿಯುತ್ತಿಲ್ಲ, ಬಾಯಿಪಾಠ ಮಾಡುತ್ತಿದೆ. ಕಬ್ಬಿಣದ ದೂಳಿನ ಭಾಗದ ಮಣ್ಣಿದ್ದರೆ 1000ಕ್ಕಿಂತ ಕೆಳಗಿನ ಭಾಗ ಇಟ್ಟು ಒಮ್ಮೆ, ತೆಗೆದು ಒಮ್ಮೆ ಮಾಡಿ ಹೋಲಿಸಿ.

ಎರಡು ಬಲೆಗಳಿವೆ. ಮೊದಲನೆಯದು, ಒಂದೇ ಹೊಲದ ಎರಡು ಮಾದರಿಯಲ್ಲಿ ಒಂದು ಕಲಿಕೆಗೆ, ಒಂದು ಪರೀಕ್ಷೆಗೆ ಹೋಗುವುದು. ಆಗ ಫಲಿತಾಂಶ ಚಂದ ಬರುತ್ತದೆ, ಹೊಸ ಊರಿಗೆ ಹೋದಾಗ ಬೀಳುತ್ತದೆ. ಒಂದೆರಡು ಇಡೀ ಊರುಗಳನ್ನೇ ಕಲಿಕೆಯಿಂದ ಹೊರಗಿಟ್ಟು ಪರೀಕ್ಷಿಸಿ ನೋಡಿ.

ಎರಡನೆಯದು ರಾಯಚೂರು, ಬಳ್ಳಾರಿ, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳಿಗೇ ಸೇರಿದ್ದು. ಎರೆಯನ್ನೂ ಮಸಾರಿಯನ್ನೂ ಒಂದೇ ಮಾಡೆಲ್‌ಗೆ ಹಾಕಿದರೆ ಗ್ರಾಫ್‌ನಲ್ಲಿ ಎರಡು ಗುಂಪು ಮೂಡುತ್ತವೆ: ಜೇಡಿ ಶೇ 20ರ ಸುತ್ತ ಒಂದು, 55ರ ಸುತ್ತ ಇನ್ನೊಂದು. ಎರಡು ಗುಂಪಿನ ನಡುವೆ ಎಳೆದ ಗೆರೆಯಿಂದಲೇ ಆರ್–ಸ್ಕ್ವೇರ್ (ಹೊಂದಾಣಿಕೆಯ ಅಳತೆ, 1 ಅಂದರೆ ಪೂರ್ತಿ) 0.9 ಬರುತ್ತದೆ. ಆದರೆ ಎರೆಯೊಳಗೇ 48 ಯಾವುದು, 60 ಯಾವುದು ಎಂದು ಆ ಮಾಡೆಲ್‌ಗೆ ಗೊತ್ತಿರುವುದಿಲ್ಲ. ಅದು ಕಲಿತದ್ದು ಕಪ್ಪು–ಕೆಂಪಿನ ಭೇದ ಮಾತ್ರ, ಅಷ್ಟನ್ನು ಹೇಳಲು ಯಂತ್ರ ಬೇಕಿರಲಿಲ್ಲ. ಆದ್ದರಿಂದ ಫಲಿತಾಂಶವನ್ನು ಯಾವಾಗಲೂ ಮಣ್ಣಿನ ಗುಂಪಿನಂತೆ ಬಿಡಿಸಿ ನೋಡಿ. ಸಾಕಷ್ಟು ಮಾದರಿಗಳಿದ್ದರೆ ಎರಡಕ್ಕೂ ಬೇರೆ ಬೇರೆ ಮಾಡೆಲ್ ಕಟ್ಟಿ.

ಅಂಕಿಯನ್ನು ಓದುವುದು

ಪಕ್ಕಕ್ಕಿಟ್ಟ 40 ಮಾದರಿಗಳಲ್ಲಿ ಲ್ಯಾಬ್ ಅಂಕಿಗೂ ಯಂತ್ರದ ಅಂಕಿಗೂ ಇರುವ ಸರಾಸರಿ ತಪ್ಪನ್ನು ಆರ್‌ಎಂಎಸ್‌ಇ ಎನ್ನುತ್ತಾರೆ. ಲ್ಯಾಬ್ ಅಂಕಿಗಳ ಚದುರಿಕೆಯನ್ನು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು, ಇದರಿಂದ ಭಾಗಿಸಿದರೆ ಆರ್‌ಪಿಡಿ. ಚದುರಿಕೆ 0.18, ತಪ್ಪು 0.09 ಆದರೆ ಆರ್‌ಪಿಡಿ 2. ಎರಡಕ್ಕಿಂತ ಮೇಲೆ ಒಳ್ಳೆಯದು, 1.4ರಿಂದ 2 ವಿಂಗಡಣೆಗೆ ಸಾಕು, ಅದಕ್ಕಿಂತ ಕೆಳಗಾದರೆ ಬಳಸಬೇಡಿ ಎಂಬುದು ರೂಢಿಯ ಮಾಪನ.

ಈ ತಪ್ಪಿನ ಅಂಕಿಯನ್ನು ರೈತನ ಚೀಟಿಯಲ್ಲೂ ಬರೆಯಬೇಕು. ಸಾವಯವ ಇಂಗಾಲ 0.5ಕ್ಕಿಂತ ಕೆಳಗೆ ಕಡಿಮೆ, 0.5–0.75 ಮಧ್ಯಮ, ಮೇಲಾದರೆ ಹೆಚ್ಚು ಎಂದು ವಿಂಗಡಿಸುತ್ತೇವೆ. ಯಂತ್ರ 0.48 ಎಂದಿತು, ತಪ್ಪು 0.09 ಇದೆ. ಆ ಹೊಲ ಕಡಿಮೆಯೋ ಮಧ್ಯಮವೋ ಈ ಅಂಕಿಯಿಂದ ಹೇಳಲಾಗದು. ಕೊಟ್ಟಿಗೆ ಗೊಬ್ಬರ ಹಾಕಿ ಎರಡು ವರ್ಷದಲ್ಲಿ 0.45 ಇದ್ದದ್ದು 0.48 ಆಯಿತು ಎಂದು ಒಂದೊಂದೇ ಮಾದರಿಯಿಂದ ಸಾರುವುದೂ ಸಲ್ಲದು. ಒಂದೇ ಹೊಲದ ಒಂಬತ್ತು ಮಾದರಿಗಳ ಸರಾಸರಿ ತೆಗೆದರೆ ಅಡ್ಡಾದಿಡ್ಡಿ ತಪ್ಪು ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ಮಾಡೆಲ್ ಎಲ್ಲದಕ್ಕೂ ಒಂದೇ ಕಡೆ ವಾಲಿದ್ದರೆ ಆ ವಾಲಿಕೆ ಸರಾಸರಿಯಿಂದ ಹೋಗುವುದಿಲ್ಲ.

ಇಂಗಾಲದ ದಾಸ್ತಾನು ಬೇಕೆಂದರೆ ಶೇಕಡಾ, ಮಣ್ಣಿನ ಸಾಂದ್ರತೆ, ಆಳ ಮೂರನ್ನೂ ಗುಣಿಸಿ: ಶೇ 0.45 × ಘನ ಸೆಂ.ಮೀ.ಗೆ 1.3 ಗ್ರಾಂ × 15 ಸೆಂ.ಮೀ. ಎಂದರೆ ಹೆಕ್ಟೇರಿಗೆ ಸುಮಾರು 8.8 ಟನ್. ಜರಡಿ ಮೇಲೆ ಉಳಿದ ಹರಳಿನ ಪಾಲನ್ನು ಕಳೆಯಲು ಮರೆಯಬೇಡಿ. ಸಾಂದ್ರತೆಯನ್ನು ಕೊಳವೆ ಬಡಿದು ತೆಗೆದ ಮಣ್ಣಿನಿಂದಲೇ ಅಳೆಯಬೇಕು, ಪುಡಿ ಮಾಡಿದ ಮಣ್ಣಿನ ರೋಹಿತಕ್ಕೆ ಅದು ಕಾಣದು.

ಹುಲ್ಲುಗಾವಲಿನಲ್ಲಿ

ಗೋಮಾಳ, ಕಾವಲು, ಬೀಳುಬಿಟ್ಟ ಎರೆ ಹುಲ್ಲುಬಯಲಿಗೆ ಹೊಲದ ಮಾಡೆಲ್ ಹೊಂದುವುದಿಲ್ಲ. ಉಳುಮೆ ಇಲ್ಲದ್ದರಿಂದ ಇಂಗಾಲ ಮೇಲ್ಪದರದಲ್ಲೇ ಕೂತಿರುತ್ತದೆ. 15 ಸೆಂ.ಮೀ. ಒಟ್ಟಿಗೆ ತೆಗೆದರೆ ಅದು ಕರಗಿಹೋಗುತ್ತದೆ, ಆದ್ದರಿಂದ 0–5, 5–15, 15–30 ಎಂದು ಮೂರು ಪದರ ತೆಗೆಯಿರಿ. ಸಗಣಿ ಬಿದ್ದ ಜಾಗ, ಕುರಿ ಹಟ್ಟಿ ಹಾಕಿದ ಜಾಗ ಬಿಡಿ ಇಲ್ಲವೇ ಬೇರೆಯಾಗಿ ಗುರುತಿಸಿ. ನಾರುಬೇರನ್ನು ಜರಡಿಯಾದ ಮೇಲೂ ಚಿಮಟಿಗೆಯಿಂದ ಆಯಬೇಕು. 2100ರ ಸುತ್ತ ಅಗಲ ತಗ್ಗು ಕಂಡರೆ ಸೆಲ್ಯುಲೋಸ್ ಉಳಿದಿದೆ, ಅಂದರೆ ಬೇರು ಸರಿಯಾಗಿ ಹೋಗಿಲ್ಲ. ದನ–ಕುರಿ ತುಳಿದು ಗಟ್ಟಿಯಾದ ನೆಲವೇ ಗಾವಲಿನ ದೊಡ್ಡ ಕೇಡು. ಅದಕ್ಕೆ ಕೊಳವೆಯಿಂದ ಸಾಂದ್ರತೆ ಮತ್ತು ನೀರಿಂಗುವ ವೇಗ ಅಳೆಯದೆ ಬೇರೆ ದಾರಿಯಿಲ್ಲ. ಸಿರುಗುಪ್ಪ ಕಡೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ನೆಲೆಯಾದ ಬಯಲುಗಳಲ್ಲಿ ಕೆಲಸವಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ನೆಲದ ಮೇಲೆ ಮೊಟ್ಟೆಯಿಡುವ ಕಾಲ ಬಿಟ್ಟು ಹೋಗಿ. ಆ ಹಕ್ಕಿ ಉಳಿಯುವುದು ನಮ್ಮ ಮಾದರಿಗಿಂತ ದೊಡ್ಡದು.

ಮಧ್ಯ ಅವಗೆಂಪು ಯಂತ್ರವಿದ್ದರೆ

ಎಫ್‌ಟಿಐಆರ್ ಯಂತ್ರ ಸಿಕ್ಕರೆ ಇಂಗಾಲ, ಸುಣ್ಣದ ಅಂದಾಜು ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಮಣ್ಣು 0.1 ಮಿ.ಮೀ.ಗಿಂತ ನುಣ್ಣಗಿರಬೇಕು. ಮಸಾರಿಯ ಮರಳು ದಪ್ಪಗೆ ಉಳಿದರೆ ಕನ್ನಡಿಯಂತೆ ಬೆಳಕನ್ನು ಮೇಲ್ಮೈಯಿಂದಲೇ ಹಿಂದಕ್ಕೆ ಕಳಿಸಿ ಗೆರೆಯನ್ನೇ ತಿರುವಿಹಾಕುತ್ತದೆ. ಪ್ರತಿ ಸೆಂಟಿಮೀಟರಿಗೆ 4000ದಿಂದ 600 ಅಲೆಗಳವರೆಗೆ, 4ರ ರೆಸಲ್ಯೂಷನ್‌ನಲ್ಲಿ, 32 ಅಥವಾ 64 ಸಲ ಓದಿಸಿ. ಈ ಅಲೆಗಳ ಅಳತೆಯಲ್ಲಿ 2350ರ ಸುತ್ತ ಕಾಣುವುದು ಕೋಣೆಯ ಗಾಳಿಯ ಇಂಗಾಲದ ಡೈಆಕ್ಸೈಡ್, ಆ ಭಾಗ ಕತ್ತರಿಸಿ. ಯಂತ್ರದೊಳಗಿನ ಪೊಟ್ಯಾಸಿಯಂ ಬ್ರೋಮೈಡ್ ಭಾಗ ತೇವಕ್ಕೆ ಕರಗುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಹರಳಿನ ಬಣ್ಣ ವಾರಕ್ಕೊಮ್ಮೆ ನೋಡಿ ಬದಲಿಸಿ.

ಮುಂದಿನ ಸಲಕ್ಕೆ

ಸ್ಕ್ಯಾನ್ ಆದ ಮಣ್ಣನ್ನು ಚೆಲ್ಲಬೇಡಿ. ಪ್ರತಿ ಮಾದರಿಯ 200 ಗ್ರಾಂ ಗಾಳಿಯಾಡದ ಡಬ್ಬಿಯಲ್ಲಿಡಿ. ಕಚ್ಚಾ ರೋಹಿತದ ಫೈಲನ್ನು ಹಾಗೇ ಉಳಿಸಿ, ತಿದ್ದಿದ ಪ್ರತಿಯನ್ನು ಬೇರೆ ಇಡಿ. ಮೂರು ವರ್ಷದ ಮೇಲೆ ಅದೇ ಜಿಪಿಎಸ್ ಜಾಗದಿಂದ, ಅದೇ ತಿಂಗಳಲ್ಲಿ ಮಣ್ಣು ತಂದಾಗ ಹಳೇ ಡಬ್ಬಿಯ ಮಣ್ಣನ್ನೂ ಹೊಸದರ ಪಕ್ಕದಲ್ಲೇ, ಅದೇ ದಿನ, ಅದೇ ದೀಪದಡಿ ಮತ್ತೆ ಓದಿಸಿ. ಹೊಸ ಊರು ಸೇರಿಸಿಕೊಳ್ಳುವಾಗ ಅಲ್ಲಿನ 15–20 ಮಾದರಿಗಳನ್ನು ಲ್ಯಾಬ್ ಮಾಡಿಸಿ ಹಳೇ ಮಾಡೆಲ್‌ಗೆ ಬೆರೆಸಿ, ಮತ್ತೆ ಕಲಿಸಿ. ಯಾವುದಾದರೂ ಮಣ್ಣಿನ ರೋಹಿತ ಕಲಿತ ಗುಂಪಿನಿಂದ ತೀರ ದೂರ ಬಿದ್ದರೆ ಅದಕ್ಕೆ ಅಂಕಿ ಕೊಡದೆ ನೇರವಾಗಿ ಲ್ಯಾಬಿಗೆ ಕಳಿಸಿ.